ಕ್ಯಾಮೆರಾ ತಲೆ ಮೇಲಿನ ಲೈಟು ಕೆಳಗಿಳಿಸಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಲೋಕಲ್ ಚಾನೆಲ್‌ಗಳ ಯಾವುದಾದರೂ ಹತ್ತು ವಿಡಿಯೊ ತೆಗೆಯಿರಿ. ಸೌಂಡ್ ಪೂರ್ತಿ ಬಂದ್ ಮಾಡಿ. ಯಾರು ಏನು ಹೇಳುತ್ತಿದ್ದಾರೆ ಎಂಬುದು ಬೇಡ, ಯಾರ ಮುಖ ಎಂಥ ಬೆಳಕಿನಲ್ಲಿದೆ ಎಂಬುದನ್ನಷ್ಟೇ ನೋಡಿ.

ಶಾಸಕರು, ಅಧಿಕಾರಿಗಳು, ಕಾರ್ಖಾನೆಯ ಸಾಹೇಬರು, ಸಂಘದ ಅಧ್ಯಕ್ಷರು ಹಗಲಿನಲ್ಲಿರುತ್ತಾರೆ, ಇಲ್ಲವೇ ಫಂಕ್ಷನ್ ಹಾಲ್‌ನ ಫೋಕಸ್ ಲೈಟಿನಲ್ಲಿರುತ್ತಾರೆ. ಮುಖದ ಬಣ್ಣ ಸರಿಯಾಗಿದೆ, ಕಣ್ಣು ಕಾಣುತ್ತದೆ, ಹಿಂದಿನ ಬ್ಯಾನರ್ ಕೂಡ ಓದಬಹುದು. ಆಮೇಲೆ ಬರುತ್ತಾರೆ ತೊಗರಿ ಹೊಲದಿಂದ ವಾಪಸಾದ ಹೆಂಗಸು, ಕಲ್ಲು ಗಣಿಯ ಕೂಲಿ, ಪಾಳಿ ಮುಗಿಸಿದ ಗುತ್ತಿಗೆ ಕಾರ್ಮಿಕ, ತಾಂಡಾದ ಮುದುಕಿ. ಇವರ ಹಿಂದೆ ಕಗ್ಗತ್ತಲು. ಮುಖಕ್ಕೆ ಸುಣ್ಣ ಬಳಿದಂಥ ಬಿಳಿ ಬೆಳಕು. ಕಣ್ಣು ಅರ್ಧ ಮುಚ್ಚಿ, ಹಣೆ ಗಂಟಿಕ್ಕಿ, ಯಾವುದೋ ಠಾಣೆಯಲ್ಲಿ ಹಿಡಿದು ನಿಲ್ಲಿಸಿದವರ ಹಾಗೆ ನಿಂತಿರುತ್ತಾರೆ. ಒಂದೇ ಬುಲೆಟಿನ್, ಒಂದೇ ಕ್ಯಾಮೆರಾ, ಆದರೆ ಎರಡು ಜಾತಿಯ ಬೆಳಕು.

‘ಬೆಳಕು ಚೆಲ್ಲುವ ವರದಿ’ ಎಂಬ ಮಾತನ್ನು ನಮ್ಮ ವೃತ್ತಿಯವರು ದಿನಕ್ಕೆ ನಾಲ್ಕು ಸಲ ಬಳಸುತ್ತಾರೆ. ಬಳಸಲಿ. ನಾವು ಈಗ ಹೇಳುತ್ತಿರುವುದು ಅಕ್ಷರಶಃ ಬೆಳಕಿನ ಬಗ್ಗೆ. ಅಂಗೈಯಲ್ಲಿ ಹಿಡಿಸುವ ಎಲ್‌ಇಡಿ ಲೈಟು, ಅದನ್ನು ಎಲ್ಲಿಡಬೇಕು, ಯಾವಾಗ ಆರಿಸಬೇಕು, ಅದರ ದುಡ್ಡು ಯಾರು ಕೊಡಬೇಕು. ಇದು ಸಾಮಾನು ಖರೀದಿಯ ಚರ್ಚೆ ಎಂದುಕೊಂಡವರು ಸ್ವಲ್ಪ ತಾಳ್ಮೆಯಿಂದ ಓದಬೇಕು. ನಮ್ಮ ವಾದ ಇಷ್ಟು: ಈ ಭಾಗದಲ್ಲಿ ಸುದ್ದಿಯಲ್ಲಿ ಯಾರು ಮಾತಾಡುತ್ತಾರೆ, ಯಾರು ಬರೀ ದೃಶ್ಯವಾಗಿ ಉಳಿಯುತ್ತಾರೆ ಎಂಬುದನ್ನು ಈ ಪುಟ್ಟ ಲೈಟು ಬಹುಮಟ್ಟಿಗೆ ತೀರ್ಮಾನಿಸುತ್ತಿದೆ. ಅದನ್ನು ಕೊಳ್ಳದಿರುವುದೂ ತಪ್ಪು, ಕೊಂಡು ಕ್ಯಾಮೆರಾ ನೆತ್ತಿಗೆ ಸಿಕ್ಕಿಸಿ ಬಡವರ ಕಣ್ಣಿಗೆ ಹಿಡಿಯುವುದು ಇನ್ನೂ ದೊಡ್ಡ ತಪ್ಪು.

ಹಗಲಿನಲ್ಲಿ ಊರಿನಲ್ಲಿ ಯಾರು ಸಿಗುತ್ತಾರೆ? ಕಟ್ಟೆ ಮೇಲೆ ಕೂತ ಗಂಡಸರು, ಪಂಚಾಯಿತಿ ಕಚೇರಿಯವರು, ಹೋಟೆಲ್ ಮುಂದಿನ ಲೀಡರುಗಳು. ಬೆಳಗ್ಗೆ ಹನ್ನೊಂದಕ್ಕೆ ಬೈಕ್ ಹತ್ತಿ ಹೋಗಿ ಮೂರಕ್ಕೆ ವಾಪಸ್ ಬರುವ ವರದಿಗಾರನಿಗೆ ಊರು ಅಂದರೆ ಇವರೇ. ಕಳೆ ತೆಗೆಯುವ ಹೆಂಗಸು ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಹೋಗಿರುತ್ತಾಳೆ. ಸಂಜೆ ಬಂದು ನೀರು ತುಂಬಿ, ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಲಿಕ್ಕೆ ಕೊಟ್ಟು ಕೂಡುವ ಹೊತ್ತಿಗೆ ಎಂಟಾಗಿರುತ್ತದೆ. ಆಗ ಅವಳು ಮಾತಾಡುತ್ತಾಳೆ, ಅದೂ ಒಲೆ ಮುಂದೆ. ಸಿಮೆಂಟ್ ಕಾರ್ಖಾನೆಯ ಎರಡನೇ ಪಾಳಿ ಬಿಡುವುದು ರಾತ್ರಿ ಹತ್ತಕ್ಕೆ. ವಾಡಿ ಜಂಕ್ಷನ್ನಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಮುಂಬೈ, ಪುಣೆ ಗಾಡಿಗೆ ಕಾಯುವ ಕುಟುಂಬಗಳು ಕಾಣಸಿಗುವುದು ಕತ್ತಲಲ್ಲೇ. ನೀರಾವರಿ ಇರುವ ಅಷ್ಟಿಷ್ಟು ಹೊಲಗಳಲ್ಲೂ ತ್ರೀಫೇಸ್ ಕರೆಂಟು ಪಾಳಿ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದರೆ ರೈತ ಕೈಯಲ್ಲಿ ಬ್ಯಾಟರಿ ಹಿಡಿದು ಹಾವು ಚೇಳಿನ ನಡುವೆ ಮೋಟರ್ ಶುರು ಮಾಡಲು ಹೋಗಬೇಕು. ಆ ಸುದ್ದಿಯನ್ನು ಮಧ್ಯಾಹ್ನ ಬೈಟ್ ತೆಗೆದುಕೊಂಡು ಮಾಡಿದರೆ ಅದು ಸುದ್ದಿಯೇ ಅಲ್ಲ, ಅಹವಾಲು.

ಈ ಲೆಕ್ಕ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗ ನೆನಪಿಸಿಕೊಳ್ಳಿ. ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಅದರಲ್ಲಿ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳೂ ಇದ್ದವು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲೇ ನಮ್ಮ ಹಳ್ಳಿಯವರು ಟಿವಿ ನೋಡಿದ್ದರು. ಆ ಯೋಜನೆ ಮಾಡಿದವರು ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಎಂದು ಹೊತ್ತು ಹಂಚಿದ್ದರು. ಊರು ಯಾವಾಗ ಬಿಡುವಾಗಿರುತ್ತದೆ ಎಂಬುದು ದೂರದ ವಿಜ್ಞಾನಿಗಳಿಗೆ ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ಇಂದಿನ ವರದಿಗಾರರಿಗೆ ಗೊತ್ತಿಲ್ಲದವರ ಹಾಗೆ ನಡೆದುಕೊಳ್ಳುತ್ತೇವೆ ಎಂದರೆ ಹೇಗೆ? ಅಂದು ಊರಿನ ಕೆಲಸ ನೋಡುವುದಷ್ಟೇ ಆಗಿತ್ತು. ಈಗ ಊರು ಮಾತಾಡಬೇಕು, ಅದು ಮಾತಾಡುವುದು ಕತ್ತಲಾದ ಮೇಲೆ.

ಇಲ್ಲಿ ಎರಡು ತಕರಾರು ಬರುತ್ತವೆ.

ಒಂದು, ‘ಈಗಿನ ಮೊಬೈಲ್ ಕತ್ತಲಲ್ಲೂ ತೆಗೀತದ, ಲೈಟು ಯಾಕ್ ಬೇಕ್ರಿ’ ಎಂಬುದು. ಮೊಬೈಲಿನ ಸೆನ್ಸರ್ ಉಗುರಿನಷ್ಟು. ಬೆಳಕು ಸಾಲದಿದ್ದಾಗ ಅದು ಸಿಗ್ನಲ್ ಎಳೆದು ಹಿಗ್ಗಿಸುತ್ತದೆ, ಚಿತ್ರದ ತುಂಬ ಕಾಳು ಏಳುತ್ತದೆ, ಆ ಕಾಳು ಅಳಿಸಲು ಸಾಫ್ಟ್‌ವೇರ್ ಮುಖವನ್ನೇ ಉಜ್ಜಿಬಿಡುತ್ತದೆ. ಸುಕ್ಕು ಹೋಗುತ್ತದೆ, ಹಚ್ಚೆ ಹೋಗುತ್ತದೆ, ಕಣ್ಣಲ್ಲಿಯ ನೀರೂ ಹೋಗುತ್ತದೆ. ಉಳಿಯುವುದು ಮೇಣದ ಗೊಂಬೆ. ಕ್ಯಾಮೆರಾ ‘ತೆಗೆಯುತ್ತದೆ’ ಎಂಬುದು ನಿಜ. ಏನನ್ನು ತೆಗೆದುಹಾಕುತ್ತದೆ ಎಂಬುದನ್ನೂ ನೋಡಬೇಕು.

ಎರಡನೆಯ ತಕರಾರು ಓದಿಕೊಂಡವರದು: ಹಳ್ಳಿ ಅಂದರೆ ಸಹಜ ಬೆಳಕು, ಲೈಟು ಹಾಕಿದರೆ ನೈಜತೆ ಕೆಡುತ್ತದೆ. ಈ ಮಾತು ಕೇಳಿದಾಗೆಲ್ಲ ನಮಗೆ ಸಿಟ್ಟು ಬರುತ್ತದೆ. ಸ್ಟುಡಿಯೊದಲ್ಲಿ ಕೂತ ನಿರೂಪಕನಿಗೆ ಮೂರು ಕಡೆಯಿಂದ ಲೈಟು ಹಾಕಿ, ಪೌಡರ್ ಹಚ್ಚಿ, ಕೂದಲಿನ ಹಿಂದೊಂದು ಲೈಟು ಇಡುತ್ತಾರೆ. ಅದಕ್ಕೆ ಯಾರೂ ನೈಜತೆಯ ಪ್ರಶ್ನೆ ಎತ್ತುವುದಿಲ್ಲ. ಕೂಲಿಯ ಮುಖ ಸರಿಯಾಗಿ ಕಾಣಲಿ ಎಂದು ಅಂಗೈಯಗಲದ ಲೈಟು ಹಿಡಿದರೆ ಮಾತ್ರ ಅದು ಕೃತಕ. ಅಷ್ಟಕ್ಕೂ ಊರಿನ ಮನೆಯೊಳಗೆ ಈಗ ಇರುವ ‘ಸಹಜ’ ಬೆಳಕು ಯಾವುದು? 2015ರಿಂದ ಉಜಾಲಾ ಯೋಜನೆಯಲ್ಲಿ ಹಂಚಿದಂಥ 9 ವ್ಯಾಟಿನ ಎಲ್‌ಇಡಿ ಬಲ್ಬು. ಅದೂ ಬಾಗಿಲ ಮೇಲೆ ನೇತಾಡುತ್ತಿರುತ್ತದೆ, ಕೆಳಗೆ ಕೂತವರ ಕಣ್ಣು ಎರಡು ಕಪ್ಪು ಗುಳಿ. ಅಗ್ಗದ ಬಲ್ಬಾದರೆ ವಿಡಿಯೊದಲ್ಲಿ ಪಟಪಟ ಮಿಣುಕುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/50ಕ್ಕೋ 1/100ಕ್ಕೋ ಇಟ್ಟರೆ ಆ ಪಟ್ಟಿ ಹೋಗುತ್ತದೆ. ಇದನ್ನು ತರಗತಿಯಲ್ಲಿ ಹೇಳಿಕೊಡಲು ಐದು ನಿಮಿಷ ಸಾಕು. ಎರಡು ವರ್ಷದ ಕೋರ್ಸಿನಲ್ಲಿ ಆ ಐದು ನಿಮಿಷ ಸಿಗದೇ ಹೊರಬೀಳುವವರು ಎಷ್ಟೋ ಮಂದಿ.

ಸರಿ, ಲೈಟು ಬೇಕು. ಅದು ಕ್ಯಾಮೆರಾ ತಲೆ ಮೇಲೆ ಯಾಕೆ ಬೇಡ?

ಕ್ಯಾಮೆರಾ ಎಲ್ಲಿದೆಯೋ ಅಲ್ಲಿಂದಲೇ ಬೆಳಕು ಬಂದರೆ ನೆರಳೆಲ್ಲ ಮುಖದ ಹಿಂದೆ ಅಡಗುತ್ತದೆ. ಮೂಗು, ಕೆನ್ನೆ, ಹಣೆ ಎಲ್ಲ ಒಂದೇ ತಟ್ಟೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಹೀಗಾಗಿ ಒಂದು ಮೀಟರಿನಲ್ಲಿರುವ ಮುಖ ಸುಟ್ಟು ಬೆಳ್ಳಗಾಗುತ್ತದೆ, ಎರಡು ಮೀಟರ್ ಹಿಂದಿರುವ ಮನೆ ಮಾಯವಾಗುತ್ತದೆ. ಮನೆ ಮಾಯವಾಯಿತೆಂದರೆ ಬಿರುಕು ಬಿಟ್ಟ ಗೋಡೆ, ಖಾಲಿ ಕಣಜ, ಗೂಟಕ್ಕೆ ತೂಗುಹಾಕಿದ ಮಗನ ಶಾಲಾ ಚೀಲ ಎಲ್ಲ ಮಾಯ. ಆಕೆ ಯಾವ ಬದುಕಿನಿಂದ ಮಾತಾಡುತ್ತಿದ್ದಾಳೆ ಎಂಬುದೇ ಮಾಯ. ಇನ್ನು ಆಕೆಯ ಕಣ್ಣ ಕಥೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಒಮ್ಮೆಲೇ ನೇರ ಲೈಟು ಬಿದ್ದರೆ ಎದುರಿನವರ ಮುಖ ಕಾಣುವುದಿಲ್ಲ. ನೀವು ಅವಳನ್ನು ನೋಡುತ್ತೀರಿ, ಅವಳಿಗೆ ನೀವು ಕಾಣುವುದಿಲ್ಲ. ಮಾತುಕತೆ ಎನ್ನುವುದಕ್ಕೆ ಇದಕ್ಕಿಂತ ದೂರದ್ದು ಇನ್ನೇನಿದೆ? ಪೊಲೀಸರ ಟಾರ್ಚು ಕೆಲಸ ಮಾಡುವುದು ಹೀಗೆಯೇ.

ಮತ್ತೆ ಬಣ್ಣ. ಬಿಳಿ ಎಲ್‌ಇಡಿ ಅನ್ನುವುದು ಮೂಲದಲ್ಲಿ ನೀಲಿ ದೀಪ. ನೀಲಿ ಚಿಪ್ಪಿನ ಮೇಲೆ ಹಳದಿ ರಂಜಕದ ಲೇಪ ಹಾಕಿ ಕಣ್ಣಿಗೆ ಬಿಳಿ ಎನಿಸುವಂತೆ ಮಾಡಿರುತ್ತಾರೆ. ಆ ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂತು. ಬರಲೇಬೇಕಾದ್ದು. ಆದರೆ ಅಗ್ಗದ ಲೈಟಿನ ಲೇಪದಲ್ಲಿ ಕೆಂಪು ಬಹಳ ಕಡಿಮೆ. ಕಂದು ಚರ್ಮಕ್ಕೆ ಜೀವಕಳೆ ಕೊಡುವುದೇ ಆ ಕೆಂಪು. ಅದಿಲ್ಲದಿದ್ದರೆ ಬಿಸಿಲಲ್ಲಿ ದುಡಿದ ಮುಖ ಬೂದಿ ಬಳಿದಂತೆ, ಕಾಯಿಲೆ ಬಿದ್ದಂತೆ ಕಾಣುತ್ತದೆ. ಡಬ್ಬಿಯ ಮೇಲೆ ‘ಸಿಆರ್‌ಐ 95’ ಎಂದು ಬರೆದಿರುವುದನ್ನು ನೋಡಿ ಮೋಸಹೋಗಬೇಡಿ. ಆ ಅಂಕಿ ಎಂಟು ತಿಳಿಬಣ್ಣಗಳ ಸರಾಸರಿ. ಒಂಬತ್ತನೆಯ ಬಣ್ಣ, ಅಂದರೆ ಕಡುಗೆಂಪು, ಆ ಸರಾಸರಿಯಲ್ಲಿ ಸೇರುವುದೇ ಇಲ್ಲ. ಅದನ್ನು ಆರ್9 ಎಂದು ಬೇರೆಯಾಗಿ ಕೇಳಬೇಕು. ಟಿವಿ ಕ್ಯಾಮೆರಾಗಳಿಗಾಗಿಯೇ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2012ರಲ್ಲಿ ತಂದ ಟಿಎಲ್‌ಸಿಐ ಎಂಬ ಇನ್ನೊಂದು ಅಳತೆಯಿದೆ, ಅದನ್ನೂ ಕೇಳಬೇಕು. ಅಂಗಡಿಯವನಿಗೆ ಗೊತ್ತಿಲ್ಲವೆಂದರೆ ಲೈಟು ಹಚ್ಚಿಸಿ ನಿಮ್ಮದೇ ಅಂಗೈ ವಿಡಿಯೊ ತೆಗೆದು, ಹೊರಗೆ ಬಿಸಿಲಲ್ಲಿ ಅದೇ ಅಂಗೈ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

ಫಿಲ್ಮ್ ಕಾಲದಲ್ಲಿ ಕೊಡಕ್ ಕಂಪನಿ ಪ್ರಿಂಟ್‌ನ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ‘ಶರ್ಲಿ ಕಾರ್ಡ್’ ಕಳಿಸುತ್ತಿತ್ತು. ಅದರಲ್ಲಿ ದಶಕಗಟ್ಟಲೆ ಇದ್ದದ್ದು ಬಿಳಿ ಹೆಣ್ಣಿನ ಚಿತ್ರ. ಅವಳ ಮುಖ ಸರಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಕಪ್ಪು ಚರ್ಮದವರು ಫೋಟೊದಲ್ಲಿ ಹಲ್ಲು ಕಣ್ಣು ಮಾತ್ರ ಆಗುತ್ತಿದ್ದರು. ಅಮೆರಿಕದವರು ಇದನ್ನು ವರ್ಣಭೇದದ ಪ್ರಶ್ನೆಯಾಗಿ ಚರ್ಚಿಸಿದರು. ನಮ್ಮಲ್ಲಿ ‘ಅಣ್ಣಾ, ನೀ ಕರ್ರಗಿದ್ದಿ, ಸ್ವಲ್ಪ ಲೈಟ್ ಜಾಸ್ತಿ ಹಾಕ್ತೀನಿ’ ಎಂದು ನಗುತ್ತ ಹೇಳಿ ಮುಗಿಸುತ್ತಾರೆ. ಜಾಸ್ತಿ ಲೈಟು ಇದಕ್ಕೆ ಔಷಧವಲ್ಲ. ಒಳ್ಳೆಯ ಬಣ್ಣದ, ಮೆತ್ತನೆಯ ಬೆಳಕು ಪಕ್ಕದಿಂದ ಬಂದರೆ ಕಪ್ಪು ಮುಖದಷ್ಟು ಚೆಂದ ಕಾಣುವುದು ಇನ್ನೊಂದಿಲ್ಲ. ಕೆನ್ನೆಯ ಏಣು ಹೊಳೆಯುತ್ತದೆ. ಮುಖಕ್ಕೆ ಆಕಾರ ಬರುತ್ತದೆ.

ಈಗ ಧೂಳಿನ ವಿಷಯಕ್ಕೆ ಬರೋಣ. ಈ ಐದು ಊರುಗಳ ಕಥೆಯಲ್ಲಿ ಧೂಳು ಇಲ್ಲದ ಕಥೆ ಕಡಿಮೆ. ಸೇಡಂ, ಮಳಖೇಡ, ವಾಡಿಯಲ್ಲಿ ಸಿಮೆಂಟು, ಶಹಾಬಾದ್ ಸುತ್ತ ಫರ್ಸಿ ಕಲ್ಲಿನ ಗಣಿ, ಇವೆಲ್ಲದರ ನಡುವೆ ಲಾರಿ ಓಡಾಡುವ ರಸ್ತೆ. ಆದರೂ ಧೂಳಿನ ಸುದ್ದಿಗಳನ್ನು ನೋಡಿದರೆ ಧೂಳೇ ಕಾಣುವುದಿಲ್ಲ. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ತೆಗೆದ ಬೇವಿನ ಗಿಡ ಸುಮ್ಮನೆ ಬಾಡಿದಂತೆ ಕಾಣುತ್ತದೆ. ರಾತ್ರಿ ಕ್ಯಾಮೆರಾ ಲೈಟಿನಲ್ಲಿ ತೆಗೆದರೆ ಕಣ್ಣ ಮುಂದಿನ ನಾಲ್ಕು ಕಣ ಬಿಳಿ ಚುಕ್ಕೆಯಾಗಿ ಹಾರುತ್ತವೆ, ಅಷ್ಟೇ. ವಾಯ್ಸ್ ಓವರ್ ಮಾತ್ರ ‘ಧೂಳಿನಿಂದ ಜನ ತತ್ತರ’ ಎಂದು ಕೂಗುತ್ತಿರುತ್ತದೆ. ನೋಡುವವನಿಗೆ ಅನಿಸುವುದು, ಇವರು ಸುಮ್ಮನೆ ಕೂಗುತ್ತಿದ್ದಾರೆ ಎಂದು. ಕಂಪನಿಯವರಿಗೂ ಅದೇ ಬೇಕು.

ಹಳೆಯ ಮನೆಯ ಬೆಳಕಿಂಡಿಯಿಂದ ಬಿಸಿಲ ಕೋಲು ಇಳಿದಾಗ ಅದರೊಳಗೆ ಧೂಳು ಕುಣಿಯುವುದನ್ನು ಯಾರು ನೋಡಿಲ್ಲ? ಕಣ ಕಾಣುವುದು ಬೆಳಕು ಅದರ ಹಿಂದಿನಿಂದಲೋ ಪಕ್ಕದಿಂದಲೋ ಬಂದಾಗ, ಹಿನ್ನೆಲೆ ಕತ್ತಲಿದ್ದಾಗ. ಸಣ್ಣ ಎಲ್‌ಇಡಿಯನ್ನು ಕ್ಯಾಮೆರಾದಿಂದ ಬಿಚ್ಚಿ, ಮಾತಾಡುವವರ ಹಿಂದೆ ಓರೆಯಾಗಿ, ಕ್ಯಾಮೆರಾಕ್ಕೆ ಲೈಟು ಕಾಣದ ಹಾಗೆ ಇಟ್ಟು ನೋಡಿ. ಅಂಗಳದ ಗಾಳಿಯಲ್ಲಿ ಏನಿದೆ ಎಂಬುದು ತಾನೇ ಎದ್ದು ಕಾಣುತ್ತದೆ. ಎಲೆಯ ಮೇಲೆ, ಮುಚ್ಚಿಟ್ಟ ಅನ್ನದ ಪಾತ್ರೆಯ ಮೇಲೆ, ಹಾಸಿದ ಕೌದಿಯ ಮೇಲೆ ಕೂತ ಪದರು ತೋರಿಸಬೇಕೇ? ಲೈಟನ್ನು ಆ ಮೇಲ್ಮೈಗೆ ತಾಗುವ ಹಾಗೆ ಅಡ್ಡ ಹಿಡಿಯಿರಿ, ಆಮೇಲೆ ಅವರೇ ಬೆರಳಿಂದ ಒಂದು ಗೆರೆ ಎಳೆಯಲಿ. ಶಾಸನ ಓದುವವರು ಸವೆದ ಅಕ್ಷರ ಕಾಣಲು ಮಾಡುವುದೂ ಇದನ್ನೇ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ‘ರಾಯೊ ಅಸೋಕೊ’ ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದೆ. ಅಂಥ ಉಬ್ಬುಶಿಲ್ಪಕ್ಕೆ ಎದುರಿನಿಂದ ಲೈಟು ಹೊಡೆದರೆ ರಾಜ ರಾಣಿ ಎಲ್ಲ ಒಂದೇ ಚಪ್ಪಡಿ. ಕಲ್ಲಿಗೆ ಗೊತ್ತಿರುವ ಈ ಪಾಠ ಕೌದಿಗೂ ಅನ್ವಯಿಸುತ್ತದೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಹಿಂದಿನಿಂದ ಲೈಟು ಹಿಡಿದರೆ ಯಾವ ಊರಿನ ಯಾವ ಮನೆಯಲ್ಲೂ ಒಂದಿಷ್ಟು ಧೂಳು ಕಾಣುತ್ತದೆ. ಆದ್ದರಿಂದ ಅದೇ ಲೈಟು, ಅದೇ ದೂರ, ಅದೇ ಕ್ಯಾಮೆರಾ ಸೆಟ್ಟಿಂಗ್ ಇಟ್ಟುಕೊಂಡು ಕಾರ್ಖಾನೆಯಿಂದ ದೂರದ ಊರೊಂದರಲ್ಲೂ ತೆಗೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿ. ಆಗ ಕಂಪನಿಯ ವಕೀಲ ‘ಇದು ಲೈಟಿನ ಆಟ’ ಎಂದರೆ ನಿಮ್ಮ ಹತ್ತಿರ ಉತ್ತರ ಇರುತ್ತದೆ. ಹೋಲಿಕೆ ಇಲ್ಲದೆ ಬರೀ ಮಿಂಚುವ ಧೂಳು ತೋರಿಸುವುದು ಕೂಡ ಸುಳ್ಳೇ, ನಮ್ಮ ಪರವಾದ ಸುಳ್ಳು ಅಷ್ಟೆ.

ಇಷ್ಟೆಲ್ಲಕ್ಕೆ ಸಾಮಾನು ಏನು ಬೇಕು ಎಂದು ಕೇಳುವವರಿಗೆ: ಬಹಳ ಕಡಿಮೆ. ಎಟಿಎಂ ಕಾರ್ಡಿನಷ್ಟು ಅಗಲದ, ಒಳಗೇ ಬ್ಯಾಟರಿ ಇರುವ ಲೈಟುಗಳು ಬಂದು ವರ್ಷಗಳಾದವು. ಅಮರಾನ್ ಎಂ9 ಅಂಥದ್ದು, 5500 ಕೆಲ್ವಿನ್ನಿನ ಒಂದೇ ಬಣ್ಣ. ಅಪ್ಯೂಚರ್ ಎಂಸಿ ಎಂಬುದು 3200ರಿಂದ 6500 ಕೆಲ್ವಿನ್‌ವರೆಗೆ ಬಣ್ಣ ತಿರುಗಿಸುತ್ತದೆ, ಹಿಂದೆ ಅಯಸ್ಕಾಂತ ಇದೆ. ಪತ್ರಾಸ್ ಮನೆಗಳಲ್ಲಿ ಅದು ತಗಡಿಗೆ ಹಾಗೇ ಅಂಟಿಕೊಳ್ಳುತ್ತದೆ, ಸ್ಟ್ಯಾಂಡೇ ಬೇಡ. ಶಹಾಬಾದಿ ಕಲ್ಲಿನ ಗೋಡೆಗೆ ಅಂಟುವುದಿಲ್ಲ, ಅದಕ್ಕೆ ಕಿಟಕಿಯ ಸರಳೇ ಗತಿ. ಇವು ದುಬಾರಿ ಎನಿಸಿದರೆ ಸೋನಿ ಹ್ಯಾಂಡಿಕ್ಯಾಮ್ ಕಾಲದ ಎನ್‌ಪಿ-ಎಫ್ ಬ್ಯಾಟರಿ ಹಾಕುವ ಸಣ್ಣ ಪ್ಯಾನಲ್‌ಗಳು ಇನ್ನೂ ಕಡಿಮೆಗೆ ಸಿಗುತ್ತವೆ. ನಾವು ಯಾವ ಕಂಪನಿಯ ಪರವೂ ಅಲ್ಲ. ಬೇಡ ಎನ್ನುವುದು ಒಂದನ್ನೇ, ರಿಂಗ್ ಲೈಟನ್ನು. ತನ್ನ ಮುಖ ತಾನೇ ತೆಗೆದುಕೊಳ್ಳುವವರಿಗೆ ಒಪ್ಪುವ ಸಾಮಾನದು. ಎದುರಿನವರ ಕಣ್ಣುಗುಡ್ಡೆಯೊಳಗೆ ಬಿಳಿ ಬಳೆ ಮೂಡಿಸಿ ಸುದ್ದಿಯನ್ನು ರೀಲ್ಸ್ ಮಾಡಿಬಿಡುತ್ತದೆ.

ಲೈಟಿಗಿಂತ ಮುಖ್ಯವಾದದ್ದು ಬಿಳಿ ಬಟ್ಟೆ. ಒಗೆದ ಪಂಚೆ, ದುಪ್ಪಟಿ, ಕೊನೆಗೆ ಒಳಮೈ ಹೊರಗೆ ಮಾಡಿದ ಬಿಳಿ ಚೀಲವಾದರೂ ಸರಿ. ಲೈಟನ್ನು ಮುಖಕ್ಕೆ ಹಿಡಿಯದೆ ಬಟ್ಟೆಗೆ ಹಿಡಿಯಿರಿ, ಬಟ್ಟೆಯಿಂದ ತಿರುಗಿ ಬಂದ ಬೆಳಕು ಮುಖಕ್ಕೆ ಬೀಳಲಿ. ಗೋಡೆಗೂ ಹಿಡಿಯಬಹುದು, ಆದರೆ ನಮ್ಮ ಕಡೆ ಮನೆಯೊಳಗೆ ಹಸಿರು, ನೀಲಿ ಬಣ್ಣ ಬಳಿಯುವ ರೂಢಿ. ಹಸಿರು ಗೋಡೆಯಿಂದ ಬಂದ ಬೆಳಕಿಗೆ ಮುಖವೂ ಹಸಿರು. ಸುಬ್ರತ ಮಿತ್ರ 1956ರ ‘ಅಪರಾಜಿತೊ’ ಚಿತ್ರಕ್ಕೆ ಸ್ಟುಡಿಯೊದೊಳಗೆ ಕಾಶಿಯ ಮನೆಯ ಅಂಗಳ ಕಟ್ಟಿದಾಗ ಮೇಲೆ ಬಿಳಿ ಬಟ್ಟೆ ಕಟ್ಟಿ ಅದಕ್ಕೆ ಲೈಟು ಹಾಯಿಸಿಯೇ ಹಗಲನ್ನು ತಂದದ್ದು. ನಮ್ಮ ಮೈಸೂರಿನ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಸ್ಟುಡಿಯೊದೊಳಗೆ ತಿರುಗಿಸಿ ಆ ಬೆಳಕಿನ ಕೋಲು ಇಳಿಸಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಲೈಟು ಸಾಲದೆ ಹೋದಾಗ ಕನ್ನಡಿ ಮತ್ತು ಬಟ್ಟೆ ಹುಡುಕಿದವರ ಪರಂಪರೆ ನಮ್ಮದೇ. ‘ನಮಗೆ ಸೌಲಭ್ಯ ಇಲ್ಲ’ ಎನ್ನುವ ಮೊದಲು ಒಮ್ಮೆ ನೆನೆಯಬಹುದು.

ಲೈಟನ್ನು ಯಾರು ಹಿಡಿಯಬೇಕು? ಆ ಮನೆಯ ಹುಡುಗಿಯೋ ಹುಡುಗನೋ ಹಿಡಿಯಲಿ. ‘ಅವ್ವನ ಮುಖ ಚೆಂದ ಕಾಣಬೇಕು, ಎಲ್ಲಿ ಹಿಡಿತಿ ನೋಡು’ ಎಂದು ಸ್ಕ್ರೀನ್ ತೋರಿಸಿ ಅವರ ಕೈಗೆ ಕೊಡಿ. ಅವ್ವನಿಗೂ ಆಗ ತಾನು ಯಾವ ಬೆಳಕಿನಲ್ಲಿ ಕಾಣುತ್ತೇನೆ ಎಂಬುದರಲ್ಲಿ ಒಂದು ಮಾತು ಇರುತ್ತದೆ. ಈ ಮಾತನ್ನು ಶಾಸಕರಿಗೆ ಅವರ ಪಿಎ ಮೂಲಕ ಎಲ್ಲರೂ ಕೊಡುತ್ತಾರೆ.

ಇನ್ನು ಲೈಟು ಆರಿಸಬೇಕಾದ ಹೊತ್ತು. ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ ರೈತನ ಮನೆ, ಅಪಘಾತದಲ್ಲಿ ಮಗ ಹೋದ ಮನೆ, ಕಾಗಿಣಾ ನೆರೆಯಲ್ಲಿ ಎಲ್ಲ ಕಳೆದುಕೊಂಡು ಶಾಲೆಯಲ್ಲಿ ಮಲಗಿದವರು. ಇಲ್ಲಿಗೆ ಆರು ಕ್ಯಾಮೆರಾ, ಆರು ಪ್ಯಾನಲ್ ಒಟ್ಟಿಗೆ ನುಗ್ಗಿ ಅಳುವ ಮುಖದ ಮೇಲೆ ಸರ್ಚ್‌ಲೈಟಿನ ಹಾಗೆ ಬೆಳಕು ಬಿಡುತ್ತವೆ. ಹೆಣ್ಣುಮಗಳು ಸೆರಗು ಎಳೆದುಕೊಂಡರೆ ‘ಅಮ್ಮಾ ಸ್ವಲ್ಪ ಮುಖ ಕಾಣಂಗ’ ಎನ್ನುವವರೂ ಇದ್ದಾರೆ. ಇದನ್ನು ಮಾಡಿದವರ ಹೆಸರು ನಾವು ಬರೆಯುವುದಿಲ್ಲ, ಆದರೆ ಅವರಿಗೆ ತಾವು ಯಾರೆಂದು ಗೊತ್ತಿದೆ. ಅಲ್ಲಿ ಮಾತು ಬೇಕಿದ್ದರೆ ಒಂಬತ್ತು ದಿನ ಕಳೆದ ಮೇಲೆ ಹೋಗಿ ಕೂಡಿ. ಆ ದಿನಕ್ಕೆ ಹೊರಗಿನ ಬೀದಿದೀಪದಲ್ಲಿ ಕಾಣುವ ಬಾಗಿಲು ಸಾಕು.

ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಪೋಕ್ಸೊ ಕಾಯ್ದೆಯ 23ನೇ ಕಲಮು, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಗುರುತು ಬಹಿರಂಗಪಡಿಸುವುದನ್ನು ಅಪರಾಧ ಎನ್ನುತ್ತವೆ. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ, ಹಿಂದಿನ ಗೋಡೆಗೆ ಲೈಟು ಹಾಕಿ ಮುಖವನ್ನು ಕಪ್ಪು ನೆರಳಾಗಿಸುವುದು. ನೋಡಲು ಚೆನ್ನಾಗಿದೆ, ಆದರೆ ಅದು ಭದ್ರವಲ್ಲ. ಮೊಬೈಲು ತಾನಾಗಿಯೇ ನೆರಳನ್ನು ಎತ್ತಿಬಿಡುತ್ತದೆ. ಎಡಿಟಿಂಗ್ ಆ್ಯಪಿನಲ್ಲಿ ಯಾರಾದರೂ ಬ್ರೈಟ್‌ನೆಸ್ ಎಳೆದರೆ ಕಪ್ಪಿನೊಳಗಿನ ಮೂಗು ಬಾಯಿ ಹೊರಬರಬಹುದು. ತಲೆಯ ಆಕಾರ, ಮೂಗುತಿ, ಹಿಂದಿನ ಗೋಡೆಯ ಕ್ಯಾಲೆಂಡರ್ ಸಾಕು, ಊರಿನವರಿಗೆ ಗುರುತು ಸಿಕ್ಕಿಬಿಡುತ್ತದೆ. ಮುಖದ ಕಡೆಗೆ ಕ್ಯಾಮೆರಾ ತಿರುಗಿಸಲೇಬೇಡಿ. ದನಿಯೂ ಗುರುತೇ. ಬರೆದುಕೊಂಡು ಬಂದು ಬೇರೆಯವರ ದನಿಯಲ್ಲಿ ಹೇಳಿಸಿ.

ಕೊನೆಗೆ ದುಡ್ಡು. ಇಲ್ಲಿ ನಮ್ಮ ಜಗಳ ನಗರದ ಡೆಸ್ಕಿನ ಜೊತೆ. ತಾಲೂಕಿನ ಸ್ಟ್ರಿಂಗರ್ ಕ್ಯಾಮೆರಾ ತನ್ನದು, ಬೈಕು ತನ್ನದು, ಪೆಟ್ರೋಲು ತನ್ನದು, ಡೇಟಾ ಪ್ಯಾಕ್ ತನ್ನದು. ಸುದ್ದಿ ಹೋದರೆ ಒಂದಿಷ್ಟು ರೊಕ್ಕ, ಹೋಗದಿದ್ದರೆ ಇಲ್ಲ. ರಾತ್ರಿ ಹೊತ್ತು ಚಿಂಚೋಳಿಯ ತಾಂಡಾಕ್ಕೆ ಹೋಗಿ ತೆಗೆದದ್ದನ್ನು ಕಳಿಸಿದರೆ ವಾಪಸ್ ಬರುವ ಉತ್ತರ: ‘ವಿಷುಯಲ್ ಡಲ್ ಇದೆ, ಬಳಸಲು ಆಗಲ್ಲ’. ಡಲ್ ಆಗದೆ ಇನ್ನೇನಾಗಬೇಕು? ನಿಮ್ಮ ಸ್ಟುಡಿಯೊದ ಚಾವಣಿಯಲ್ಲಿ ಸುಮ್ಮನೆ ಉರಿಯುವ ಲೈಟುಗಳಲ್ಲಿ ಒಂದರ ಬೆಲೆಗೆ ಒಂದು ತಾಲೂಕಿನ ವರದಿಗಾರರಿಗೆಲ್ಲ ಸಣ್ಣ ಲೈಟು ಕೊಡಿಸಬಹುದು. ಅದನ್ನು ಮಾಡದೆ ಕ್ವಾಲಿಟಿಯ ಮಾತಾಡುವುದೆಂದರೆ, ಹಗಲಿನಲ್ಲಿ ಸಿಗುವವರ ಸುದ್ದಿ ಮಾತ್ರ ಕಳಿಸಿ ಎಂದು ಹೇಳಿದ ಹಾಗೆ. ಅಂದರೆ ಕಟ್ಟೆಯವರದು, ಕಚೇರಿಯವರದು. ಹಾಗೆ ನೇರವಾಗಿ ಹೇಳುವ ಧೈರ್ಯ ಯಾವ ಸಂಪಾದಕರಿಗೂ ಇಲ್ಲ, ಅದಕ್ಕೇ ‘ಡಲ್’ ಎನ್ನುತ್ತಾರೆ.

ಪತ್ರಿಕೋದ್ಯಮ ಕಲಿಸುವವರಿಗೂ ಒಂದು ಮಾತು. ಎಸಿ ಸ್ಟುಡಿಯೊದಲ್ಲಿ ಗ್ರೀನ್ ಮ್ಯಾಟ್ ಮುಂದೆ ನಿಲ್ಲಿಸಿ ಮೂರು ಲೈಟಿನ ಪಾಠ ಮಾಡಿ ಕಳಿಸುತ್ತೀರಿ. ಆ ಹುಡುಗ ಕೆಲಸಕ್ಕೆ ಬೀಳುವುದು ಕರೆಂಟಿಲ್ಲದ ಮನೆಯಲ್ಲಿ, ಒಂದೇ ಲೈಟಿನೊಂದಿಗೆ. ಪ್ರಾಕ್ಟಿಕಲ್ ಪರೀಕ್ಷೆಯನ್ನು ಒಮ್ಮೆ ರಾತ್ರಿ ಎಂಟಕ್ಕೆ ಊರೊಳಗೆ ಮಾಡಿ ನೋಡಿ.

ಸಣ್ಣದೇ ಯಾಕೆ ಎನ್ನುವುದಕ್ಕೆ ಈ ಭಾಗದ ದಾರಿಯೇ ಉತ್ತರ. ಶಹಾಬಾದ್‌ನಿಂದ ವಾಡಿ, ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ತನಕ ರೈಲಿದೆ. ಚಿಂಚೋಳಿಗೆ ರೈಲಿಲ್ಲ, ಬಸ್ಸೇ. ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗ ಇಲ್ಲದಾಗ ಸ್ಟ್ಯಾಂಡು, ಛತ್ರಿ, ದೊಡ್ಡ ಲೈಟು ಹೊತ್ತು ಹೋಗುವವರು ಯಾರು? ಅಂಗಿ ಜೇಬಿಗೆ ಹಿಡಿಸುವುದೇ ಇಲ್ಲಿಯ ಲೈಟು. ಬ್ಯಾಟರಿ ಬಗ್ಗೆ ಮಾತ್ರ ಜಾಗ್ರತೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬೈಕಿನ ಡಿಕ್ಕಿಯಲ್ಲಿಟ್ಟ ಲಿಥಿಯಂ ಬ್ಯಾಟರಿ ಬೇಗ ಸತ್ತುಹೋಗುತ್ತದೆ, ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬಾರದು. ಚಾರ್ಜ್ ಮಾಡಿಕೊಂಡೇ ಹೊರಡಿ, ಕೇಳದೆ ಮಾತಾಡುವವರ ಮನೆಯ ಪ್ಲಗ್ಗಿಗೆ ಕೈ ಹಾಕಬೇಡಿ. ಲೈಟನ್ನು ಪೂರ್ತಿ ಉರಿಸುವ ಅಗತ್ಯವೂ ಬರುವುದಿಲ್ಲ. ಮುಖದ ಹತ್ತಿರ ಮೊಳ ದೂರದಲ್ಲಿ ಬಟ್ಟೆ ಇದ್ದರೆ ಕಾಲುಭಾಗದ ಉರಿಯೇ ಸಾಕು, ಬ್ಯಾಟರಿ ರಾತ್ರಿಯೆಲ್ಲ ಬರುತ್ತದೆ.

ತಾಲೂಕು ಪತ್ರಕರ್ತರ ಸಂಘಗಳು ಪ್ರತಿ ವರ್ಷ ಪತ್ರಿಕಾ ದಿನಾಚರಣೆಗೆ ಶಾಲು, ಹಾರ, ಫಲಕಗಳಿಗೆ ಖರ್ಚು ಮಾಡುತ್ತವೆ. ಈ ಸಲ ಹಾರ ಬಿಟ್ಟು ಎರಡು ಲೈಟು, ನಾಲ್ಕು ಬ್ಯಾಟರಿ ತಂದು ಪತ್ರಿಕಾ ಭವನದ ಕಪಾಟಿನಲ್ಲಿಡಲಿ. ಹೆಸರು ಬರೆದು ಒಯ್ಯುವುದು, ಮರುದಿನ ತಂದಿಡುವುದು. ಹೆಣ್ಣುಮಕ್ಕಳು ವರದಿಗಾರರಾಗಿ ಇರುವ ಕಡೆ ಅವರಿಗೆ ಮೊದಲ ಸರದಿ ಕೊಡಲಿ, ಒಲೆ ಮುಂದೆ ಕೂತು ಮಾತಾಡಿಸಲು ಆಗುವುದು ಅವರಿಗೇ.

ಅಲ್ಲಿಯವರೆಗೆ ನಮ್ಮ ಹತ್ತಿರ ಮೂರು ಸಣ್ಣ ಲೈಟುಗಳಿವೆ, ಒಂದಕ್ಕೆ ಅಯಸ್ಕಾಂತ ಇದೆ, ಜೊತೆಗೆ ಎರಡು ಬಿಳಿ ಪಂಚೆ. ಸೇಡಂ, ಚಿತ್ತಾಪುರ ಲೈನಿನಲ್ಲಿ ರಾತ್ರಿ ಶೂಟ್ ಇರುವ ಯಾರಾದರೂ ಒಯ್ಯಬಹುದು. ಕ್ಯಾಮೆರಾ ಮೇಲೆ ಸಿಕ್ಕಿಸುವ ಕ್ಲಿಪ್ಪನ್ನು ನಾವು ಬೇಕಂತಲೇ ಬಿಚ್ಚಿಟ್ಟಿದ್ದೇವೆ, ಅದನ್ನು ಕೇಳಬೇಡಿ. ಚಾರ್ಜರ್ ಸಮೇತ ವಾಪಸ್ ಕೊಡಿ.